ತೊಟ್ಟಿಲಿಲ್ಲದ ಬಾಣಂತನ

ಹೆರಿಗೆಯಾದ ಮೂರನೆಯ ದಿನ ಮೊಲೆ ಬಿಗಿಯುತ್ತದೆ. ಹಿಂದಿನ ಸಂಜೆಯವರೆಗೆ ಮೆತ್ತಗಿದ್ದದ್ದು ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ, ಕಾವು ಏರಿ, ನೋವು ಕಂಕುಳವರೆಗೆ ಹಬ್ಬುತ್ತದೆ. ಕೆಲವರಿಗೆ ಎರಡನೆಯ ದಿನ, ಕೆಲವರಿಗೆ ನಾಲ್ಕನೆಯ ದಿನ. ಹಾಲು ಇಳಿಯಿತು ಅನ್ನುತ್ತಾರೆ ಮನೆಯ ಹಿರಿಯರು. ಬೇರೆ ದಂಪತಿಯ ಮಗುವನ್ನು ಹೊತ್ತು, ಹೆತ್ತು, ಅವರ ಮಡಿಲಿಗೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಬಂದವಳಿಗೂ ಅದೇ ಮೂರನೆಯ ದಿನ ಹಾಲು ಇಳಿಯುತ್ತದೆ.

ಇದು ಮನಸ್ಸಿನ ಹಂಬಲದಿಂದ ಆಗುವುದಲ್ಲ, ಮಾಸಿನಿಂದ ಆಗುವುದು. ಬಸಿರಿನ ಉದ್ದಕ್ಕೂ ಮಾಸು ಪ್ರೊಜೆಸ್ಟರಾನ್ ಮತ್ತು ಈಸ್ಟ್ರೊಜೆನ್ ಎಂಬ ಹಾರ್ಮೋನುಗಳನ್ನು ಧಾರಾಳವಾಗಿ ರಕ್ತಕ್ಕೆ ಬಿಡುತ್ತಿರುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಅನ್ನು ಅದೇ ಹೊತ್ತಿನಲ್ಲಿ ಏರಿಸುತ್ತ ಹೋದರೂ, ಪ್ರೊಜೆಸ್ಟರಾನ್ ತುಂಬಿರುವವರೆಗೆ ಮೊಲೆಯ ಜೀವಕೋಶಗಳು ಪೂರ್ತಿ ಹಾಲು ಮಾಡುವುದಿಲ್ಲ. ಮಗುವಿನ ಹಿಂದೆಯೇ ಮಾಸು ಹೊರಬಿದ್ದಾಗ ಆ ತಡೆ ಇಲ್ಲವಾಗುತ್ತದೆ. ಪ್ರೊಜೆಸ್ಟರಾನ್ ಕೆಲವೇ ದಿನಗಳಲ್ಲಿ ನೆಲಕಚ್ಚುತ್ತದೆ, ಪ್ರೊಲ್ಯಾಕ್ಟಿನ್ ಮೇಲೆಯೇ ಇರುತ್ತದೆ, ಹಾಲು ಬರುತ್ತದೆ. ಹುಟ್ಟಿದ ಮಗು ಯಾರ ಅಂಡದ್ದು, ಯಾರ ವೀರ್ಯದ್ದು, ಯಾವ ಕಾಗದಕ್ಕೆ ಯಾರು ಸಹಿ ಹಾಕಿದ್ದರು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಬಾಡಿಗೆ ತಾಯ್ತನದ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಮಗು ಕೈ ಬದಲಾಗುವವರೆಗೆ ಮಾತ್ರ. ಮಗು ಯಾರದು, ಹಣ ಕೊಡಬಹುದೇ, ಕಾನೂನು ಏನು ಹೇಳುತ್ತದೆ. ಮಗುವನ್ನು ಕರೆದೊಯ್ದ ಮರುಗಳಿಗೆ ಹೆತ್ತವಳು ಕಥೆಯಿಂದ ಹೊರಗೆ ಹೋಗುತ್ತಾಳೆ. ಅವಳ ಮೈಯಲ್ಲಿ ಮಾತ್ರ ಆಗಿನ್ನೂ ಒಂದು ದೊಡ್ಡ ಕೆಲಸ ಶುರುವಾಗಿರುತ್ತದೆ. ಅವಳು ಅರ್ಧ ಬಾಣಂತಿಯಲ್ಲ, ಪೂರ್ತಿ ಬಾಣಂತಿ. ಅವಳಿಗೆ ಸಲ್ಲಬೇಕಾದ ಬಾಣಂತನವೂ ಪೂರ್ತಿಯೇ. ಈ ಅಧ್ಯಾಯ ಹೇಳಹೊರಟಿರುವುದು ಅದನ್ನು.

ಕೋಲಾರದ ಚಿನ್ನದ ಗಣಿಯ ಊರಿನಿಂದ ಈ ವಿಷಯವನ್ನು ನೋಡುವುದಕ್ಕೆ ಕಾರಣವಿದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಶುರುಮಾಡಿದ ಗಣಿಗಾರಿಕೆ, ಮೂರು ಕಿಲೋಮೀಟರಿಗೂ ಆಳ ಇಳಿದ ಚಾಂಪಿಯನ್ ರೀಫ್, ಕೆಲಸಗಾರರ ಸಂಬಳ, ಕಂಪನಿಯ ಆಸ್ಪತ್ರೆ ಎಲ್ಲವೂ ಅಲ್ಲಿಗೆ ನಿಂತವು. ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ರೈಲು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ, ಅಲ್ಲಿಂದ ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೆ.ಆರ್.ಪುರ. ನಸುಕಿನಲ್ಲಿ ಊಟದ ಡಬ್ಬಿ ಹಿಡಿದು ಹತ್ತಿ, ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಕೆಲಸ ಮಾಡಿ, ರಾತ್ರಿ ಮನೆಗೆ ಬರುವ ಸಾವಿರಾರು ಜನರಲ್ಲಿ ಹೆಂಗಸರೂ ಬಹಳ. ಗಾರ್ಮೆಂಟ್ಸು, ಹೌಸ್‌ಕೀಪಿಂಗು, ಮನೆಗೆಲಸ, ಆಸ್ಪತ್ರೆಯ ಆಯಾ ಕೆಲಸ.

ಬೆಂಗಳೂರಿನಲ್ಲಿ ಬಾಡಿಗೆ ತಾಯಂದಿರು ಬಂದದ್ದೂ ಇದೇ ದುಡಿಯುವ ಹೆಂಗಸರ ನಡುವಿನಿಂದ. ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ ಈ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 2015ರಲ್ಲಿ ‘ಡಿಸ್ಕೌಂಟೆಡ್ ಲೈಫ್’ ಎಂಬ ಪುಸ್ತಕ ಬರೆದರು. ಅವರು ಮಾತಾಡಿಸಿದವರಲ್ಲಿ ಬಹಳ ಮಂದಿ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿದವರು. ಬಸಿರಿನ ತಿಂಗಳುಗಳನ್ನು ಮನೆಯಿಂದ ದೂರ, ಏಜೆನ್ಸಿಯ ವಸತಿಗಳಲ್ಲಿ ಕಳೆದವರು. ಅದು ಹಣ ಕೊಟ್ಟು ಮಾಡಿಸುವ ಬಾಡಿಗೆ ತಾಯ್ತನ ನಡೆಯುತ್ತಿದ್ದ ಕಾಲ. 2015ರ ಕೊನೆಗೆ ವಿದೇಶಿ ದಂಪತಿಗಳಿಗೆ ಬಾಗಿಲು ಮುಚ್ಚಿತು. 2021ರ ಸರೋಗಸಿ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಗೆ ಬಂತು. ಈಗ ವೈದ್ಯಕೀಯ ಖರ್ಚು ಮತ್ತು ವಿಮೆ ಬಿಟ್ಟು ಬೇರೆ ಹಣ ಕೊಡುವಂತಿಲ್ಲ. ಹೊರುವವಳು 25ರಿಂದ 35 ವರ್ಷದೊಳಗಿನ, ಮದುವೆಯಾದ, ಸ್ವಂತ ಮಗುವಿರುವ ಹೆಣ್ಣಾಗಿರಬೇಕು. ಜೀವನದಲ್ಲಿ ಒಮ್ಮೆ ಮಾತ್ರ. ಅವಳ ಸ್ವಂತ ಅಂಡವನ್ನು ಬಳಸುವಂತಿಲ್ಲ.

ಇವುಗಳಲ್ಲಿ ಎರಡು ಷರತ್ತುಗಳಿಗೆ ಮೈಯಲ್ಲಿ ಪರಿಣಾಮಗಳಿವೆ. ಸ್ವಂತ ಮಗು ಇರಲೇಬೇಕು ಎಂದರೆ ಇದು ಅವಳ ಮೊದಲ ಹೆರಿಗೆಯಲ್ಲ. ಹೆರಿಗೆಯ ಮರುದಿನಗಳಲ್ಲಿ ಗರ್ಭಕೋಶ ಮುದುಡುವಾಗ ಬರುವ ಹಿಂಡುವ ನೋವು ಎರಡನೆಯ, ಮೂರನೆಯ ಹೆರಿಗೆಯಲ್ಲಿ ಜಾಸ್ತಿ. ಹೆತ್ತ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಒಂದು ವಾರಕ್ಕೆ ಅರ್ಧ ಕಿಲೋ ಆಗುತ್ತದೆ, ಎರಡು ವಾರಕ್ಕೆ ಸುಮಾರು 300 ಗ್ರಾಂ, ಆರು ವಾರಕ್ಕೆ ನೂರು ಗ್ರಾಮಿಗಿಂತ ಕಡಿಮೆ. ದೇಹದ ಬೇರೆ ಯಾವ ಅಂಗವೂ ಇಷ್ಟು ಕಡಿಮೆ ದಿನಗಳಲ್ಲಿ ಇಷ್ಟು ಕರಗುವುದಿಲ್ಲ. ಒಳಗೆ ಮಾಸು ಅಂಟಿದ್ದ ಜಾಗ ಒಂದು ಗಾಯ. ಅದು ಮಾಯುವವರೆಗೆ ಸ್ರಾವ ಇರುತ್ತದೆ. ಮೊದಲ ಮೂರು ನಾಲ್ಕು ದಿನ ಕೆಂಪು, ಹತ್ತು ದಿನದ ಹೊತ್ತಿಗೆ ತಿಳಿಗೆಂಪು ಕಂದು, ಆಮೇಲೆ ನಾಲ್ಕರಿಂದ ಆರು ವಾರದವರೆಗೆ ಬಿಳಿಹಳದಿ. ಕಡಿಮೆಯಾದ ಕೆಂಪು ಮತ್ತೆ ಜೋರಾದರೆ, ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ದುಹೋದರೆ, ಕೆಟ್ಟ ವಾಸನೆ ಅಥವಾ ಜ್ವರ ಬಂದರೆ ಕಾಯುವ ಮಾತಿಲ್ಲ, ಆಸ್ಪತ್ರೆಗೆ ಹೋಗಬೇಕು.

ಸ್ವಂತ ಅಂಡ ಬಳಸುವಂತಿಲ್ಲ ಎಂದರೆ ಅವಳೊಳಗೆ ಬೆಳೆದ ಮಗುವಿನ ವಂಶವಾಹಿಗಳಲ್ಲಿ ಅವಳ ಪಾಲು ಇಲ್ಲ. ಸಾಮಾನ್ಯ ಬಸಿರಿನಲ್ಲಿ ಮಗುವಿನ ಅರ್ಧ ತಾಯಿಯದು, ಹಾಗಾಗಿ ಅವಳ ರೋಗನಿರೋಧಕ ವ್ಯವಸ್ಥೆಗೆ ಅಪರಿಚಿತವಾದದ್ದು ಉಳಿದರ್ಧ ಮಾತ್ರ. ಇಲ್ಲಿ ಅಷ್ಟೂ ಅಪರಿಚಿತ. ಇದರ ಜೊತೆಗೆ, ಔಷಧಿಯಿಂದ ಗರ್ಭಕೋಶವನ್ನು ಸಿದ್ಧಮಾಡಿ ಭ್ರೂಣ ಇಡುವಾಗ ಆ ತಿಂಗಳು ಅವಳದೇ ಅಂಡ ಬಿಡುಗಡೆಯಾಗಿರುವುದಿಲ್ಲ. ಅಂಡ ಹೊರಬಿದ್ದ ಜಾಗದಲ್ಲಿ ಹುಟ್ಟಿ, ಬಸಿರಿನ ಮೊದಲ ವಾರಗಳಲ್ಲಿ ರಕ್ತನಾಳಗಳನ್ನು ಹೊಂದಿಸುವ ಸಣ್ಣ ಗ್ರಂಥಿಯೂ ಆಗ ಇರುವುದಿಲ್ಲ. ಅದರ ಬದಲು ಸೊಂಟಕ್ಕೆ ದಿನವೂ ಪ್ರೊಜೆಸ್ಟರಾನ್ ಸೂಜಿ ಅಥವಾ ಒಳಗೆ ಇಡುವ ಗುಳಿಗೆ. ಹೀಗೆ ಬಂದ ಬಸಿರುಗಳಲ್ಲಿ ರಕ್ತದೊತ್ತಡ ಏರುವ ಅಪಾಯ ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಎಷ್ಟು ಜಾಸ್ತಿ? ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಂಟೂವರೆ ಲಕ್ಷಕ್ಕೂ ಹೆಚ್ಚು ಒಂಟಿಮಗುವಿನ ಹೆರಿಗೆಗಳನ್ನು ಮಾರಿಯಾ ವೆಲೆಜ್ ಮತ್ತು ಜೊತೆಗಾರರು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು. ತಾನಾಗಿ ಬಸಿರಾದವರಲ್ಲಿ ಜೀವಕ್ಕೆ ಅಪಾಯ ತರುವಂಥ ತೊಂದರೆ ಕಂಡದ್ದು ಶೇ 2.3 ಮಂದಿಯಲ್ಲಿ. ಐವಿಎಫ್‌ನಿಂದ ತಮ್ಮದೇ ಮಗುವನ್ನು ಹೊತ್ತವರಲ್ಲಿ ಶೇ 4.3. ಬಾಡಿಗೆ ತಾಯಂದಿರಲ್ಲಿ ಶೇ 7.8. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ 5.7ರಿಂದ 13.9ಕ್ಕೆ ಏರಿತ್ತು. ಕೆನಡಾದಂಥ ದೇಶದಲ್ಲಿ, ಆರೋಗ್ಯವಂತರೆಂದು ಆರಿಸಿದ ಹೆಂಗಸರಲ್ಲಿ ಬಂದ ಅಂಕಿಗಳಿವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಮೊದಲೇ ಕಡಿಮೆ ಇರುವ ಮೈಗೆ ಅದೇ ಪ್ರಮಾಣದ ರಕ್ತಸ್ರಾವ ಬೇರೆಯೇ ಪೆಟ್ಟು ಕೊಡುತ್ತದೆ.

ಒತ್ತಡದ ಕಾಯಿಲೆಯ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿದೆ: ಮಗು ಹೊರಬಂದರೆ ಬಿ.ಪಿ. ಇಳಿದೇ ಇಳಿಯುತ್ತದೆ ಎಂದು. ಹೆರಿಗೆಯ ನಂತರದ ಮೊದಲ ವಾರದಲ್ಲಿ ಅದು ಮತ್ತೆ ಏರಬಹುದು, ಬಸಿರಿನಲ್ಲಿ ಇಲ್ಲದಿದ್ದವರಿಗೂ ಹೊಸದಾಗಿ ಬರಬಹುದು, ಆರು ವಾರದವರೆಗೂ ಕಾಡಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟುವುದು ಇವನ್ನು ಬಾಣಂತಿಯ ಸುಸ್ತು ಎಂದು ತಳ್ಳಿಹಾಕಬಾರದು.

ಈಗ ಗಣಿ ಊರಿನ ರಾಬರ್ಟ್‌ಸನ್‌ಪೇಟೆಯ ಒಬ್ಬಳನ್ನು ಊಹಿಸಿಕೊಳ್ಳಿ. ಸಿಸೇರಿಯನ್ ಆಗಿದೆ, ಬಾಡಿಗೆ ತಾಯ್ತನದಲ್ಲಿ ಅದೇ ಹೆಚ್ಚು. ಹತ್ತು ದಿನಕ್ಕೆ ಹೊರಗಿನ ಹೊಲಿಗೆ ಒಣಗುತ್ತದೆ, ನೋಡಿದವರು ಗಾಯ ವಾಸಿಯಾಯಿತು ಅನ್ನುತ್ತಾರೆ. ಒಳಗಿನ ಪದರಗಳ ಲೆಕ್ಕ ಬೇರೆ. ಮೂರು ವಾರಕ್ಕೆ ಗಾಯದ ಜಾಗದ ಗಟ್ಟಿತನ ಮೊದಲಿನದರ ಐದನೆಯ ಒಂದು ಭಾಗದಷ್ಟೇ ಇರುತ್ತದೆ, ಮೂರು ತಿಂಗಳ ಹೊತ್ತಿಗೆ ಶೇ 80ರ ಹತ್ತಿರ ಬರುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಆರು ವಾರ ಭಾರ ಎತ್ತಬೇಡ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಪುಟ್ಟ ಮಗು ಕಂಕುಳಲ್ಲಿ ಇದ್ದಿದ್ದರೆ ನೀರಿನ ಬಿಂದಿಗೆಯನ್ನು ಮನೆಯವರೇ ಅವಳ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ಕಂಕುಳು ಖಾಲಿ ಇರುವುದರಿಂದ ಕೈಗೆ ಬಿಂದಿಗೆ ಬರುತ್ತದೆ. ಇಪ್ಪತ್ತನೆಯ ದಿನಕ್ಕೆ ಮಾರಿಕುಪ್ಪಂ ರೈಲು ಹತ್ತುತ್ತಾಳೆ, ನೂಕುನುಗ್ಗಲಿನಲ್ಲಿ ಹೊಟ್ಟೆಗೆ ಮೊಣಕೈ ತಾಗುತ್ತದೆ. ಸೀಟು ಸಿಕ್ಕರೂ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರುವುದು ಆ ದಿನಗಳಲ್ಲಿ ಒಳ್ಳೆಯದಲ್ಲ. ಹೆರಿಗೆಯಲ್ಲಿ ರಕ್ತ ಹರಿದುಹೋಗದಿರಲೆಂದು ದೇಹ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಟ್ಟಿರುತ್ತದೆ, ಆ ಏರ್ಪಾಡು ಆರು ವಾರವಾದರೂ ಪೂರ್ತಿ ಇಳಿದಿರುವುದಿಲ್ಲ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ರಕ್ತನಾಳದಲ್ಲಿ ಗಡ್ಡೆ ಕಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಕುತ್ತು. ನೀರು ಚೆನ್ನಾಗಿ ಕುಡಿಯುವುದು, ನಿಧಾನಕ್ಕೆ ಓಡಾಡುವುದು ಇದಕ್ಕೆ ತಡೆ. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಪದ್ಧತಿಯನ್ನು ಮಾತ್ರ ಬಿಡಲೇಬೇಕು.

ಅದೇ ರೈಲಿನಲ್ಲಿ ಎದುರು ಸೀಟಿನ ಕೂಸು ಅತ್ತರೆ ಅವಳ ರವಿಕೆ ಒದ್ದೆಯಾಗಬಹುದು. ಮಗುವಿನ ಅಳು ಕಿವಿಗೆ ಬಿದ್ದರೆ ಸಾಕು, ಮಿದುಳು ಆಕ್ಸಿಟೋಸಿನ್ ಬಿಡುತ್ತದೆ, ಆಕ್ಸಿಟೋಸಿನ್ ಹಾಲಿನ ಗ್ರಂಥಿಗಳ ಸುತ್ತಲಿನ ಸ್ನಾಯುಗಳನ್ನು ಹಿಂಡುತ್ತದೆ. ಅಳುವ ಮಗು ಯಾರದಾದರೂ ಸರಿ.

ಹಾಲನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಒಂದು ಸೊಗಸಾದ ಉತ್ತರವಿದೆ. ದಕ್ಷಿಣ ಭಾರತದ ಅನೇಕ ಕಡೆ, ಮಗು ತೀರಿಕೊಂಡಾಗಲೋ ಹಾಲು ಬಿಡಿಸುವಾಗಲೋ, ಮಲ್ಲಿಗೆ ಹೂವಿನ ದಂಡೆಯನ್ನು ಮೊಲೆಗೆ ಕಟ್ಟುವ ರೂಢಿಯಿತ್ತು. ಚಿನ್ನದ ಗಣಿಗೆ ಕೂಲಿಗೆ ಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿಯ ತವರು ಆಗಿನ ಉತ್ತರ ಆರ್ಕಾಟ್ ಜಿಲ್ಲೆ. ಅದೇ ಸೀಮೆಯ ವೆಲ್ಲೂರಿನ ವೈದ್ಯರು ಈ ರೂಢಿಯನ್ನು ಮೂಢನಂಬಿಕೆ ಎಂದು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದರು. ಒಂದು ಗುಂಪಿನ ಬಾಣಂತಿಯರಿಗೆ ಆಗ ಬಳಕೆಯಲ್ಲಿದ್ದ ಬ್ರೊಮೊಕ್ರಿಪ್ಟಿನ್ ಮಾತ್ರೆ, ಇನ್ನೊಂದು ಗುಂಪಿಗೆ ಮಲ್ಲಿಗೆ. 1988ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂ ಗುಂಪುಗಳಲ್ಲಿ ಪ್ರೊಲ್ಯಾಕ್ಟಿನ್ ಇಳಿಯಿತು, ಮಾತ್ರೆಯಿಂದ ಇನ್ನಷ್ಟು ಇಳಿಯಿತು. ಆದರೆ ಮೊಲೆಯ ಬಿಗಿತ, ಹಾಲಿನ ಪ್ರಮಾಣ, ನೋವಿನ ಮಾತ್ರೆ ಕೇಳಿದವರ ಸಂಖ್ಯೆ ಇವುಗಳಲ್ಲಿ ಎರಡೂ ಸರಿಸಮ. ಮಾತ್ರೆ ಬಿಟ್ಟ ಮೇಲೆ ಕೆಲವರಿಗೆ ಹಾಲು ಮರುಕಳಿಸಿತ್ತು. ಸಣ್ಣ ಅಧ್ಯಯನ, ಇದೊಂದರ ಮೇಲೆ ಎಲ್ಲವನ್ನೂ ಕಟ್ಟಲಾಗದು. ಹಾಗಿದ್ದರೂ ಅಜ್ಜಿಯರ ಕೈಯಲ್ಲಿದ್ದದ್ದನ್ನು ಇಷ್ಟು ಗೌರವದಿಂದ ಅಳೆದು ನೋಡಿದ ಉದಾಹರಣೆ ನಮ್ಮ ವೈದ್ಯಕೀಯದಲ್ಲಿ ಅಪರೂಪ. ಆ ಬ್ರೊಮೊಕ್ರಿಪ್ಟಿನ್ ಮುಂದೆ ಪಾರ್ಶ್ವವಾಯು, ಫಿಟ್ಸ್‌ನಂಥ ಅಡ್ಡಪರಿಣಾಮಗಳಿಂದಾಗಿ ಈ ಉಪಯೋಗದಿಂದ ಹಿಂದೆ ಸರಿಯಿತು. 1990ರ ದಶಕದಲ್ಲಿ ಅಮೆರಿಕ ಹಾಲು ನಿಲ್ಲಿಸಲು ಅದಕ್ಕಿದ್ದ ಅನುಮತಿಯನ್ನು ತೆಗೆದುಹಾಕಿತು.

ಈಗ ವೈದ್ಯರು ಬರೆಯುವುದು ಕ್ಯಾಬರ್ಗೋಲಿನ್. ಹೆರಿಗೆಯಾದ ಮೊದಲ ದಿನವೇ ಒಂದು ಮಿಲಿಗ್ರಾಂ ಒಮ್ಮೆ ಕೊಟ್ಟರೆ ಹೆಚ್ಚಿನವರಲ್ಲಿ ಹಾಲು ಇಳಿಯುವುದೇ ಇಲ್ಲ. ಬಿ.ಪಿ. ಏರಿದವರಿಗೆ, ಹೃದಯದ ಕವಾಟದ ತೊಂದರೆ ಇದ್ದವರಿಗೆ, ಹಿಂದೆ ಬಾಣಂತಿ ಸನ್ನಿ ಆಗಿದ್ದವರಿಗೆ ಅದು ಬೇಡ. ಔಷಧಿ ಇಲ್ಲದೆಯೂ ಹಾಲು ನಿಲ್ಲುತ್ತದೆ. ಮೊಲೆಯಲ್ಲಿ ಹಾಲು ತುಂಬಿ ನಿಂತರೆ ಆ ಹಾಲೇ ಗ್ರಂಥಿಗಳಿಗೆ ಇನ್ನು ಸಾಕು ಎಂಬ ಸೂಚನೆ ಕೊಡುತ್ತದೆ, ಒಂದೆರಡು ವಾರದಲ್ಲಿ ಗ್ರಂಥಿಗಳು ಕುಗ್ಗುತ್ತವೆ. ಆಧಾರ ಕೊಡುವ ಒಳರವಿಕೆ, ತಣ್ಣನೆಯ ಬಟ್ಟೆ, ನೋವಿಗೆ ಪ್ಯಾರಾಸಿಟಮಾಲ್ ಇಷ್ಟರಲ್ಲಿ ಬಹುಮಂದಿಗೆ ದಿನಗಳು ಕಳೆಯುತ್ತವೆ. ಹಳಬರು ಮಾಡುತ್ತಿದ್ದಂತೆ ಸೀರೆಯಿಂದ ಬಿಗಿದು ಕಟ್ಟಿದರೆ ನಾಳ ಕಟ್ಟಿ ಬಾವು ಬರಬಹುದು. ತಡೆಯಲಾಗದಷ್ಟು ಬಿಗಿದಾಗ ನೋವು ತಗ್ಗುವಷ್ಟು ಮಾತ್ರ ಹಿಂಡಿ ತೆಗೆಯಬೇಕು, ಪೂರ್ತಿ ಖಾಲಿ ಮಾಡಿದರೆ ದೇಹ ಮತ್ತೆ ತುಂಬಿಸುತ್ತದೆ. ಕೆಲವರು ಬೇರೆ ದಾರಿ ಹಿಡಿಯುತ್ತಾರೆ: ಕೆಲವು ವಾರ ಹಾಲು ತೆಗೆದು ಆ ಮಗುವಿಗೇ ಕಳಿಸುತ್ತಾರೆ, ಇಲ್ಲವೇ ದಾನ ಮಾಡುತ್ತಾರೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಶುರುವಾದ ‘ಅಮೃತಧಾರೆ’ ಎದೆಹಾಲಿನ ಬ್ಯಾಂಕಿನಂಥ ಕಡೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಆ ಹಾಲು ಜೀವ ಉಳಿಸುವ ಔಷಧಿ. ಯಾವ ದಾರಿ ಎಂಬುದನ್ನು ಅವಳೇ ಆರಿಸಬೇಕು, ಅದೂ ಹೆರಿಗೆಗೆ ಮೊದಲೇ. ಮೂರನೆಯ ದಿನದ ನೋವಿನಲ್ಲಿ ಕೂತು ಆರಿಸುವ ವಿಷಯವಲ್ಲ ಇದು.

ಹಾಲು ಕುಡಿಸದಿರುವುದರ ಇನ್ನೊಂದು ಪರಿಣಾಮವನ್ನು ಯಾರೂ ಅವಳಿಗೆ ಹೇಳಿರುವುದಿಲ್ಲ. ಕುಡಿಸುವ ತಾಯಿಗೆ ತಿಂಗಳುಗಟ್ಟಲೆ ಮುಟ್ಟು ಬರದಿರಬಹುದು. ಕುಡಿಸದವಳಿಗೆ ಪ್ರೊಲ್ಯಾಕ್ಟಿನ್ ಎರಡು ಮೂರು ವಾರಕ್ಕೆ ಇಳಿದು, ಆರೇಳು ವಾರದ ಹೊತ್ತಿಗೆ ಅಂಡ ಬಿಡುಗಡೆಯಾಗುತ್ತದೆ, ಕೆಲವರಿಗೆ ನಾಲ್ಕನೆಯ ವಾರದಲ್ಲೇ. ಮುಟ್ಟು ಬರುವ ಮೊದಲೇ ಮತ್ತೆ ಬಸಿರಾಗಲು ಸಾಧ್ಯ. ಹೊಲಿಗೆ ಹಾಕಿದ ಗರ್ಭಕೋಶಕ್ಕೆ ಅಷ್ಟು ಬೇಗ ಇನ್ನೊಂದು ಬಸಿರು ಅಪಾಯಕಾರಿ, ಹಾಗಾಗಿ ಗರ್ಭನಿರೋಧಕದ ಮಾತು ಮೂರನೆಯ ವಾರದೊಳಗೆ ಮುಗಿದಿರಬೇಕು.

ಹೇಳುವವರು ಯಾರು? ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ ಬರುತ್ತಾರೆ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ. ಒಳ್ಳೆಯ ಏರ್ಪಾಡು, ಎಷ್ಟೋ ಜೀವ ಉಳಿಸಿದೆ. ಆದರೆ ಆ ಭೇಟಿಗಳ ಕೇಂದ್ರದಲ್ಲಿರುವುದು ನವಜಾತ ಶಿಶು: ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವುದು. ಆರನೆಯ ವಾರ ತಾಯಿ ಆರೋಗ್ಯ ಕೇಂದ್ರಕ್ಕೆ ಹೋಗುವುದೂ ಮಗುವಿನ ಚುಚ್ಚುಮದ್ದಿಗೆ. ಹೋದಾಗ ಅವಳ ಬಿ.ಪಿ.ಯನ್ನೂ ನೋಡುತ್ತಾರೆ, ಹೊಲಿಗೆಯನ್ನೂ ಕೇಳುತ್ತಾರೆ, ಕಬ್ಬಿಣದ ಮಾತ್ರೆಯನ್ನೂ ಕೊಟ್ಟು ಕಳಿಸುತ್ತಾರೆ. ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಹೆರಿಗೆಯ ನಂತರ 180 ದಿನ, ದಿನಕ್ಕೊಂದರಂತೆ ಆ ಮಾತ್ರೆ ನುಂಗಬೇಕೆಂದಿದೆ. ಮಗುವಿನ ನೆಪದಲ್ಲಿ ತಾಯಿಯ ಆರೈಕೆ ನಡೆದುಹೋಗುತ್ತದೆ. ಬೆಂಗಳೂರಿನಲ್ಲಿ ಹೆತ್ತು, ಬಂಗಾರಪೇಟೆಗೆ ಬರಿಗೈಯಲ್ಲಿ ಬಂದವಳ ಮನೆಯಲ್ಲಿ ಆ ನೆಪ ಇಲ್ಲ, ತಾಯಿ ಕಾರ್ಡಿನ ದಾರಿಯಲ್ಲಿ ಅವಳು ಎಲ್ಲಿಯೂ ಸಿಗುವುದಿಲ್ಲ. ಅವಳೇ ಹೋಗಿ ನನಗೆ ಇಂಥ ದಿನ ಹೆರಿಗೆಯಾಗಿದೆ ಎಂದು ಹೇಳಬೇಕು. ಹೇಳಲು ಅವಳಿಗೆ ಧೈರ್ಯ ಇದೆಯೇ ಎಂಬುದು ಇಡೀ ವಿಷಯದ ತಿರುಳು.

ಏಕೆಂದರೆ ಮನಸ್ಸಿನ ಚೇತರಿಕೆಯ ಬಗ್ಗೆ ವಿಜ್ಞಾನ ಕಂಡುಕೊಂಡಿರುವುದು ಅದನ್ನೇ. ಬಾಡಿಗೆ ತಾಯಿ ಎಂದ ಕೂಡಲೇ ನಮ್ಮ ಸಿನಿಮಾ, ಧಾರಾವಾಹಿಗಳು ತೋರಿಸುವುದು ಮಗುವಿಗಾಗಿ ಕಿರುಚುವ ಹೆಣ್ಣನ್ನು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಷ್ಠಾ ಲಾಂಬಾ ಮತ್ತು ಜೊತೆಗಾರರು ಮುಂಬೈಯಲ್ಲಿ 50 ಬಾಡಿಗೆ ತಾಯಂದಿರನ್ನೂ ತಮ್ಮದೇ ಮಗುವಿಗೆ ಬಸಿರಾದ 70 ಹೆಂಗಸರನ್ನೂ ಮಾತಾಡಿಸಿ, ಹೆರಿಗೆಯ ನಂತರ ಸಾಧ್ಯವಾದಷ್ಟು ಮಂದಿಯನ್ನು ಮತ್ತೆ ಕಂಡರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಾಡಿಗೆ ತಾಯಂದಿರಲ್ಲಿ ಖಿನ್ನತೆ ಜಾಸ್ತಿಯೇ ಇತ್ತು, ಬಸಿರಿನಲ್ಲೂ, ಹೆರಿಗೆಯ ನಂತರವೂ. ಆದರೆ ಮಗುವನ್ನು ಒಪ್ಪಿಸಿದ್ದರಿಂದ ಅದು ಹೆಚ್ಚಾದಂತೆ ಕಾಣಲಿಲ್ಲ. ಹೊಟ್ಟೆಯೊಳಗಿನ ಮಗುವಿನ ಜೊತೆ ಹೆಚ್ಚು ಒಡನಾಟ ಬೆಳೆಸಿಕೊಂಡವರಿಗೇ ಹೆಚ್ಚು ಸಂಕಟ ಎಂಬುದೂ ಸಿದ್ಧವಾಗಲಿಲ್ಲ. ಹೆರಿಗೆಯ ನಂತರ ಯಾರು ಹೆಚ್ಚು ಕುಗ್ಗಿದ್ದರು? ಬಸಿರಿನಲ್ಲಿ ಆಸರೆ ಇಲ್ಲದವರು, ಸುತ್ತಲಿನವರ ಚುಚ್ಚುಮಾತು ಕೇಳಿದವರು, ವಿಷಯವನ್ನು ಮುಚ್ಚಿಟ್ಟವರು.

ಇಂಗ್ಲೆಂಡಿನಲ್ಲಿ ವಾಸಂತಿ ಜಾದ್ವಾ ಮತ್ತು ಸಂಗಡಿಗರು 34 ಬಾಡಿಗೆ ತಾಯಂದಿರನ್ನು ಹೆರಿಗೆಯ ಸುಮಾರು ಒಂದು ವರ್ಷದ ನಂತರ ಕಂಡು 2003ರಲ್ಲಿ ಬರೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಪ್ಪಿಸಿದ ಮೊದಲ ವಾರಗಳಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ಒಂದಲ್ಲ ಒಂದು ಮಟ್ಟದ ಕಷ್ಟ ಇತ್ತು, ವರ್ಷ ತುಂಬುವ ಹೊತ್ತಿಗೆ ಅದು ಇಬ್ಬರಲ್ಲಿ ಮಾತ್ರ ಉಳಿದಿತ್ತು. ಅಲ್ಲಿನ ಹೆಂಗಸರಿಗೆ ತಾವು ಮಾಡಿದ್ದನ್ನು ನೆರೆಯವರಿಗೆ ಹೇಳಿಕೊಳ್ಳಲು ಸಾಧ್ಯವಿತ್ತು ಎಂಬುದು ದೊಡ್ಡ ವ್ಯತ್ಯಾಸ ಎಂದು ನಾನು ನಂಬುತ್ತೇನೆ.

ಗಣಿ ಊರಿನ ಲೈನ್ ಮನೆಗಳನ್ನು ನೋಡಿದವರಿಗೆ ಮುಚ್ಚಿಡುವುದರ ಕಷ್ಟ ಅರ್ಥವಾಗುತ್ತದೆ. ಒಂದೇ ಗೋಡೆಗೆ ಎರಡು ಸಂಸಾರ. ಒಗ್ಗರಣೆಯ ಸದ್ದಿನಿಂದ ಪಕ್ಕದ ಮನೆಯ ಅಡುಗೆ ತಿಳಿಯುತ್ತದೆ. ತಮಿಳು, ತೆಲುಗು, ಕನ್ನಡ ಮೂರೂ ಭಾಷೆಗಳಲ್ಲಿ ಸುದ್ದಿ ಹರಿಯುತ್ತದೆ. ಇಂಥ ಕಡೆ ಬಸಿರು ಅಡಗಿಸಲಾಗದು, ಹಾಗಾಗಿ ಹೆಂಗಸೇ ಊರು ಬಿಟ್ಟು ಇರಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೆಲಸ, ಅಲ್ಲೇ ಹಾಸ್ಟೆಲು ಎಂದು ಹೇಳಿ ಹೋದವಳು ತಿಂಗಳುಗಳ ನಂತರ ಬಂದರೆ ಬಂದ ದಿನವೇ ನೆಟ್ಟಗೆ ನಡೆಯಬೇಕು. ಹೊಟ್ಟೆ ಹಿಡಿದುಕೊಂಡು ಕೂರುವಂತಿಲ್ಲ, ಮೊಲೆ ನೋಯುತ್ತದೆ ಎನ್ನುವಂತಿಲ್ಲ. ಕಣ್ಣು ತುಂಬಿದರೆ ಕಾರಣ ಹೇಳಬೇಕು. ಅವಳನ್ನು ಬಿಟ್ಟು ಆ ತಿಂಗಳುಗಳನ್ನು ಅಜ್ಜಿಯ ಜೊತೆ ಕಳೆದ ಸ್ವಂತ ಮಗು ಮುನಿಸಿಕೊಂಡಿರುತ್ತದೆ, ಎತ್ತಿಕೋ ಎಂದು ಕೈ ಚಾಚುತ್ತದೆ, ಎತ್ತುವಂತಿಲ್ಲ.

ಕಾನೂನು ಹಣವನ್ನು ನಿಷೇಧಿಸಿದ ಮೇಲೆ ಹೊರುವವರು ಹೆಚ್ಚಾಗಿ ನೆಂಟರೇ ಆಗಬಹುದು: ಅಕ್ಕನಿಗಾಗಿ ತಂಗಿ, ನಾದಿನಿಗಾಗಿ ಅತ್ತಿಗೆ. ಆಗ ಮುಚ್ಚಿಡುವ ಭಾರ ಕಡಿಮೆ, ಕಣ್ಣೆದುರಿಗಿರುವ ಭಾರ ಜಾಸ್ತಿ. ತೊಟ್ಟಿಲ ಶಾಸ್ತ್ರದಲ್ಲಿ ಎಲ್ಲಿ ನಿಲ್ಲಬೇಕು, ಮಗು ಅತ್ತಾಗ ಎದ್ದು ಹೋಗಬಹುದೇ, ಚಿಕ್ಕಮ್ಮನಾಗಿ ಎಷ್ಟು ಮುದ್ದಿಸಿದರೆ ಸರಿ. ಇಂಥವನ್ನು ಇಬ್ಬರು ಹೆಂಗಸರೂ ಮೊದಲೇ ಕೂತು ಮಾತಾಡಿಕೊಂಡರೆ ನಂತರದ ಮುನಿಸುಗಳು ತಪ್ಪುತ್ತವೆ. ಮಗುವನ್ನು ಒಮ್ಮೆ ನೋಡಿ, ಎತ್ತಿಕೊಂಡು ಕಳಿಸಬೇಕೆಂದು ಅನ್ನಿಸಿದರೆ ಅದಕ್ಕೂ ಅವಕಾಶವಿರಬೇಕು. ಬೇಡ ಅನ್ನಿಸಿದರೆ ಬಲವಂತ ಮಾಡಬಾರದು.

ಜೀವಶಾಸ್ತ್ರ ಇಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ತೋರಿಸಿದೆ. ಬಸಿರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ಮಾಸನ್ನು ದಾಟಿ ತಾಯಿಯ ರಕ್ತಕ್ಕೆ ಬರುತ್ತವೆ. ಡಯಾನಾ ಬಿಯಾಂಕಿ ಮತ್ತು ಜೊತೆಗಾರರು 1996ರಲ್ಲಿ, ಗಂಡುಮಗು ಹೆತ್ತು 27 ವರ್ಷ ಕಳೆದ ಒಬ್ಬ ಹೆಂಗಸಿನ ರಕ್ತದಲ್ಲೂ ಅಂಥ ಕೋಶಗಳನ್ನು ಪತ್ತೆ ಮಾಡಿದರು. ಬೇರೆಯವರ ಅಂಡದಿಂದಾದ ಬಸಿರಿನಲ್ಲೂ ಈ ದಾಟು ನಿಲ್ಲುವುದಿಲ್ಲ. ಇದನ್ನು ತಾಯಿಕರುಳಿನ ಪುರಾವೆ ಎಂದು ಹಿಗ್ಗಿಸಬಾರದು, ಆ ಕೋಶಗಳಿಗೆ ನೆನಪೂ ಇಲ್ಲ, ಹಕ್ಕೂ ಇಲ್ಲ. ಅದು ಬರೀ ನಿನ್ನ ಹೊಟ್ಟೆ ಬಾಡಿಗೆಗೆ ಕೊಟ್ಟದ್ದು, ನಿನಗೇನಾಯಿತು ಎನ್ನುವವರ ಮಾತು ಎಷ್ಟು ಪೊಳ್ಳು ಎಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಮೊದಲ ಹತ್ತು ದಿನಗಳ ಅಳುವನ್ನು ಮತ್ತು ಖಿನ್ನತೆಯನ್ನು ಬೇರೆ ಮಾಡಿ ನೋಡಬೇಕು. ಹಾರ್ಮೋನುಗಳು ಕುಸಿಯುವ ಆ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಣಂತಿಯರು ಕಾರಣವಿಲ್ಲದೆ ಅಳುತ್ತಾರೆ, ರೇಗುತ್ತಾರೆ, ನಿದ್ದೆ ಕೆಡುತ್ತಾರೆ; ಎರಡು ವಾರದೊಳಗೆ ಅದು ತಾನಾಗಿ ಹೋಗುತ್ತದೆ. ಎರಡು ವಾರ ಕಳೆದೂ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಊಟ ಸೇರದಿದ್ದರೆ, ತಾನು ತಪ್ಪು ಮಾಡಿದೆ ಎಂಬುದೇ ತಲೆಯಲ್ಲಿ ಸುತ್ತುತ್ತಿದ್ದರೆ, ಸಾಯುವ ಯೋಚನೆ ಬಂದರೆ ಅದು ಕಾಯಿಲೆ. ಭಾರತದ ಬಾಣಂತಿಯರಲ್ಲಿ ಸುಮಾರು ಶೇ 22 ಮಂದಿಗೆ ಖಿನ್ನತೆ ಬರುತ್ತದೆ ಎಂದು 2017ರ ಒಂದು ದೊಡ್ಡ ವಿಶ್ಲೇಷಣೆ ಅಂದಾಜು ಮಾಡಿತ್ತು. ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಬಾಣಂತಿ ಸನ್ನಿ ತುರ್ತಿನ ಕಾಯಿಲೆ; ನಿದ್ದೆ ಪೂರ್ತಿ ಹೋಗಿ, ಇಲ್ಲದ ದನಿ ಕೇಳತೊಡಗಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಖಿನ್ನತೆ ಅಳೆಯುವ ಎಡಿನ್‌ಬರೊ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆ, ಕನ್ನಡದಲ್ಲೂ ಅದು ಬಳಕೆಯಲ್ಲಿದೆ, ಕೇಳಿ ಮುಗಿಸಲು ಐದು ನಿಮಿಷ ಸಾಕು. ಭ್ರೂಣ ಇಡುವ ಮೊದಲು ಮಾನಸಿಕ ಅರ್ಹತೆಯ ಪ್ರಮಾಣಪತ್ರ ಬೇಕೆನ್ನುವ ಕಾನೂನಿನಡಿ, ಹೆರಿಗೆಯ ಆರನೆಯ ವಾರ ಈ ಐದು ನಿಮಿಷವನ್ನೂ ಕಡ್ಡಾಯ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಿಮ್ಹಾನ್ಸ್‌ನಲ್ಲಿ ಬಾಣಂತಿಯರ ಮನೋರೋಗಗಳಿಗೇ ಮೀಸಲಾದ ವಿಭಾಗವಿದೆ. ಅಲ್ಲಿಗೆ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿ ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡುತ್ತಾರೆ, ಹಣ ಬೇಡ, ಹೆಸರು ಹೇಳಲೇಬೇಕೆಂದಿಲ್ಲ.

ಮನೆಯಲ್ಲಿ ಆಗಬೇಕಾದದ್ದಕ್ಕೆ ಹೊಸ ಶಾಸ್ತ್ರ ಬೇಡ. ಬಿಸಿನೀರಿನ ಸ್ನಾನ, ಮೆಣಸು ಬೆಳ್ಳುಳ್ಳಿಯ ಸಾರು, ಹಗಲಿನ ನಿದ್ದೆ, ಮೊಟ್ಟೆ, ಸೊಪ್ಪು, ಬೇಳೆ, ಮಾಂಸ ತಿನ್ನುವವರಿಗೆ ಮಾಂಸ. ಹಾಲು ಹೆಚ್ಚಿಸಲೆಂದು ತಿನ್ನಿಸುವ ಸಬ್ಬಸಿಗೆ ಸೊಪ್ಪು, ಗಣಿ ಊರಿನ ತಮಿಳು ಮನೆಗಳಲ್ಲಿ ಮಾಡುವ ಸುರಾ ಮೀನಿನ ಪುಟ್ಟು ಇವುಗಳಿಂದ ಅವಳ ಹಾಲು ಏರಿಬಿಡುತ್ತದೆಂದು ಹೆದರಬೇಕಿಲ್ಲ. ಕುಡಿಯುವ ಮಗು ಇಲ್ಲದಿದ್ದರೆ ಹಾಲು ನಿಲ್ಲಲೇಬೇಕು, ಮೀನಿನ ಪ್ರೋಟೀನು ಗಾಯ ಮಾಯಿಸಲು ಬೇಕು. ರಾತ್ರಿ ಎಬ್ಬಿಸುವ ಮಗು ಇಲ್ಲ ಎಂಬುದು ಅವಳಿಗಿರುವ ಒಂದೇ ಅನುಕೂಲ, ಆ ನಿದ್ದೆಯನ್ನಾದರೂ ಅವಳಿಗೆ ಬಿಡಬೇಕು. ಗಂಡ, ಅತ್ತೆ, ತಾಯಿ ಇವರಲ್ಲಿ ಕೊನೇಪಕ್ಷ ಒಬ್ಬರಾದರೂ ಎಲ್ಲ ಗೊತ್ತಿದ್ದು, ನೋವಾ ಕಣೇ ಎಂದು ಕೇಳುವವರಾಗಿರಬೇಕು. ಮುಂಬೈಯ ಅಧ್ಯಯನ ತೋರಿಸಿದ ವ್ಯತ್ಯಾಸ ಅಂಥ ಆಸರೆಯದು.

ರಜೆಯ ಮಾತೂ ಇದೆ. ಹೆರಿಗೆಯಾದ ಆರು ವಾರದೊಳಗೆ ಯಾವ ಮಾಲೀಕನೂ ಆ ಹೆಣ್ಣನ್ನು ದುಡಿಸಿಕೊಳ್ಳುವಂತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದ ನಿಯಮ ಇದು. ನಿಯಮ ನೋಡುವುದು ಹೆರಿಗೆಯನ್ನು. 2017ರ ತಿದ್ದುಪಡಿ ಮಗು ಪಡೆದ ತಾಯಿಗೆ 12 ವಾರದ ರಜೆ ಕೊಟ್ಟಿತು. ಹೊತ್ತವಳ ಹೆಸರೆತ್ತಿ ಏನನ್ನೂ ಹೇಳಲಿಲ್ಲ. ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ ತನ್ನ ನೌಕರರ ರಜೆ ನಿಯಮ ತಿದ್ದಿ, ಹೆತ್ತ ಬಾಡಿಗೆ ತಾಯಿಗೂ ಪಡೆದ ತಾಯಿಗೂ 180 ದಿನ ಕೊಡಬಹುದೆಂದಿತು. ಮಾಲೂರಿನ ಕಾರ್ಖಾನೆಯಲ್ಲೋ ವೈಟ್‌ಫೀಲ್ಡಿನ ಟೆಕ್ ಪಾರ್ಕಿನ ಗುತ್ತಿಗೆ ಹೌಸ್‌ಕೀಪಿಂಗಿನಲ್ಲೋ ಇರುವವಳಿಗೆ ಈ 180 ದಿನ ತಲುಪುವುದಿಲ್ಲ. ಆರು ವಾರವಾದರೂ ತಲುಪಬೇಕಾದರೆ ಅವಳ ಕೈಯಲ್ಲಿ ಡಿಸ್ಚಾರ್ಜ್ ಕಾಗದ ಇರಬೇಕು.

ಆ ಕಾಗದದ ನಕಲನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಪಡೆಯಬೇಕು. ಗರ್ಭಕೋಶದ ಕೊಯ್ತ ಅಡ್ಡವೋ ಉದ್ದವೋ, ಎಷ್ಟು ರಕ್ತ ಹೋಯಿತು, ರಕ್ತ ಕೊಟ್ಟರೇ, ಹಿಮೊಗ್ಲೋಬಿನ್ ಎಷ್ಟಿದೆ, ಬಿ.ಪಿ. ಎಷ್ಟಿತ್ತು, ಕ್ಯಾಬರ್ಗೋಲಿನ್ ಕೊಟ್ಟಿದ್ದಾರೆಯೇ, ಮತ್ತೆ ಯಾವ ದಿನ ಬರಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಮುಂದೆ ತನ್ನದೇ ಇನ್ನೊಂದು ಮಗು ಬೇಕೆನಿಸಿದಾಗ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಯ ವೈದ್ಯರು ಮೊದಲು ಕೇಳುವುದು ಇದನ್ನೇ. ಜೊತೆಗೆ ವಿಮೆಯ ಪಾಲಿಸಿ. 2022ರ ನಿಯಮಗಳ ಪ್ರಕಾರ ಮಗು ಬಯಸಿದ ದಂಪತಿ ಅವಳ ಹೆಸರಿನಲ್ಲಿ 36 ತಿಂಗಳ ಆರೋಗ್ಯ ವಿಮೆ ಮಾಡಿಸಿರಲೇಬೇಕು, ಹೆರಿಗೆಯ ನಂತರದ ತೊಂದರೆಗಳೂ ಅದರಲ್ಲಿ ಸೇರಿರಬೇಕು. ಆರನೆಯ ತಿಂಗಳಲ್ಲಿ ಹೊಲಿಗೆಯ ಜಾಗ ಉಬ್ಬಿದರೆ, ಎರಡನೆಯ ವರ್ಷ ಬಿ.ಪಿ. ಮತ್ತೆ ಕಾಣಿಸಿಕೊಂಡರೆ, ಮನೋವೈದ್ಯರ ಬಳಿ ಹೋಗಬೇಕಾಗಿ ಬಂದರೆ ಮೊದಲು ತೆಗೆದು ನೋಡಬೇಕಾದದ್ದು ಆ ಪಾಲಿಸಿ. ಅದು ಏಜೆಂಟರ ಕಪಾಟಿನಲ್ಲಲ್ಲ, ಅವಳ ಟ್ರಂಕಿನಲ್ಲಿ ಇರಬೇಕು.